ಸಂಬಳವಿಲ್ಲದ ವೀಸಾಕ್ಕೆ ಆರು ಲಕ್ಷ ಯಾಕೆ? ಬ್ರಿಟನ್ನಿನ ಚಾರಿಟಿ ವರ್ಕರ್ ವೀಸಾ, ಹೆಜ್ಜೆ ಹೆಜ್ಜೆಯಾಗಿ

ಹೋದ ಮಳೆಗಾಲ, ಗಣೇಶನ ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಮಧುಗಿರಿ ಕಡೆಯ ಹುಡುಗಿಯೊಬ್ಬಳು ಅಪ್ಪನನ್ನು ಕರೆದುಕೊಂಡು ಅಂಗಡಿಗೆ ಬಂದಳು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಪಹಣಿ, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪು, ಪಾಸ್‌ಪೋರ್ಟು, ಬೆಳಗಿಂದ ಸಂಜೆವರೆಗೆ ಇದೇ ಕಸುಬು. ಹುಡುಗಿ ಎಂಎಸ್‌ಡಬ್ಲ್ಯೂ ಮುಗಿಸಿದ್ದಳು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಫೈಲಿನಿಂದ ಒಂದು ಹಾಳೆ ತೆಗೆದು ಕೌಂಟರ್ ಮೇಲಿಟ್ಟಳು. ದಪ್ಪ ಹಾಳೆ, ಅಂಚಿಗೆ ಮದುವೆ ಪತ್ರಿಕೆಗೆ ಇರುವಂಥ ಬಂಗಾರದ ಗೆರೆ, ಕೆಳಗೆ ಕೆಂಪು ಸೀಲು.

"ಅಣ್ಣ, ಇದನ್ನ ಲ್ಯಾಮಿನೇಷನ್ ಮಾಡಿಕೊಡಿ. ಲಂಡನ್ ಸಿಒಎಸ್ ಇದು."

"ಎಷ್ಟಾಯ್ತಮ್ಮ ಇದಕ್ಕೆ?"

ಉತ್ತರ ಅಪ್ಪನಿಂದ ಬಂತು. "ಎರಡು ಲಕ್ಷ ಕೊಟ್ಟಿದೀವಿ ಸರ್. ವೀಸಾ ಕೈಗೆ ಬಂದ್ ಮೇಲೆ ಇನ್ನ ನಾಕು. ತಿಂಗಳಿಗೆ ಒಂದೂವರೆ ಲಕ್ಷ ಸಂಬಳ ಅಂತೆ."

ಅಷ್ಟು ಮಾತಿನಲ್ಲೇ ಎರಡು ಸುಳ್ಳಿದ್ದವು. ಸಿಒಎಸ್, ಅಂದರೆ ಕರೆಸಿಕೊಳ್ಳುವ ಸಂಸ್ಥೆ ಕೊಡುವ ಸ್ಪಾನ್ಸರ್ ದಾಖಲೆ, ಕಾಗದವೇ ಅಲ್ಲ. ಚಾರಿಟಿ ವೀಸಾದಲ್ಲಿ ಸಂಬಳವೇ ಇಲ್ಲ. ಲ್ಯಾಮಿನೇಷನ್ ಮೆಷಿನ್ ಆಗಲೇ ಕಾದಿತ್ತು. ಆರಿಸಿ, ಇಬ್ಬರನ್ನೂ ಕಂಪ್ಯೂಟರ್ ಪಕ್ಕ ಕೂರಿಸಿದೆ.

ಆಮೇಲೆ ಇಂಥದೇ ಫೈಲು ಹಿಡಿದು ಬಂದವರು ಒಬ್ಬಿಬ್ಬರಲ್ಲ. ಕಾರಣ ಊಹಿಸುವುದು ಕಷ್ಟವಿಲ್ಲ. ಬ್ರಿಟನ್ ತನ್ನ ಕೇರ್ ವರ್ಕರ್ ವೀಸಾವನ್ನು 2025ರ ಜುಲೈ 22ರಿಂದ ಹೊರದೇಶದ ಹೊಸಬರಿಗೆ ಮುಚ್ಚಿತು. ವೃದ್ಧರನ್ನು ನೋಡಿಕೊಳ್ಳುವ ಕೆಲಸ ಅಂತ ಜನರನ್ನು ಕಳಿಸುತ್ತಿದ್ದ ಏಜೆಂಟರ ಬಾಯಲ್ಲಿ ಈಗ "ಚಾರಿಟಿ ವೀಸಾ". ವೀಸಾ ನಿಜಕ್ಕೂ ಇದೆ, ಒಳ್ಳೆಯದೇ. ಅವರು ಹೇಳುವ ಥರದ್ದಲ್ಲ, ಅಷ್ಟೆ. ಆದ್ದರಿಂದ ಇದನ್ನು ಪಡೆಯುವ ದಾರಿಯನ್ನು ಮೊದಲಿಂದ ಬರೆಯುತ್ತಿದ್ದೇನೆ.

ಯಾರಿಗೆ ಈ ವೀಸಾ

ಪೂರ್ತಿ ಹೆಸರು ಟೆಂಪರರಿ ವರ್ಕ್, ಚಾರಿಟಿ ವರ್ಕರ್ ವೀಸಾ. ಹಳಬರು ಇದನ್ನು ಟಯರ್ 5 ಅನ್ನುತ್ತಾರೆ. ಆ ಹೆಸರು 2021ರಲ್ಲೇ ಹೋಯಿತು. ವಯಸ್ಸು 18 ತುಂಬಿರಬೇಕು. ಬ್ರಿಟನ್ನಿನ ಒಂದು ಚಾರಿಟಿ ನಿಮ್ಮನ್ನು ಸ್ಪಾನ್ಸರ್ ಮಾಡಿರಬೇಕು. ಅಲ್ಲಿ ಮಾಡುವುದು ಸಂಬಳವಿಲ್ಲದ ಸ್ವಯಂಸೇವೆ. ಹೋಗಿಬರುವ ಖರ್ಚು, ಊಟ, ಉಳಿಯಲು ಜಾಗ, ಇಂಥ ನ್ಯಾಯವಾದ ವೆಚ್ಚವನ್ನು ಸಂಸ್ಥೆ ಭರಿಸಬಹುದು. ಅದಕ್ಕಿಂತ ಹೆಚ್ಚಿಗೆ ಕೈಗೆ ಬಂದರೆ ವೀಸಾದ ಷರತ್ತು ಮುರಿದಂತೆ. ಹೆಚ್ಚೆಂದರೆ 12 ತಿಂಗಳು ಇರಬಹುದು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ. ಏಜೆಂಟರ ಹೇಳಿಕೆಯಲ್ಲಿ ನಿಜವಾದದ್ದು ಇದೊಂದೇ, ಬಹುಶಃ ಅದಕ್ಕೇ ಜಾಹೀರಾತಿನಲ್ಲಿ ಅಷ್ಟು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ.

ಸೇವೆ ಅಂದರೆ ಯಾವುದು ಅನ್ನುವುದರಲ್ಲೂ ಬ್ರಿಟನ್ನಿನವರು ಬಿಗಿ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದ ಹುಡುಗನಿಗೆ ಅಕ್ಕಿ ಆರಿಸುವುದೂ ಸೇವೆ, ಲೆಕ್ಕ ಬರೆಯುವುದೂ ಸೇವೆ, ಅಂಗಳ ಗುಡಿಸುವುದೂ ಸೇವೆ. ಬ್ರಿಟನ್ನಿನ ಗೃಹ ಇಲಾಖೆಗೆ ಹಾಗಲ್ಲ. ಚಾರಿಟಿ ಯಾರಿಗಾಗಿ ಇದೆಯೋ ಅವರ ಜೊತೆ ನೇರವಾಗಿ ಬೆರೆತು ಮಾಡುವ ಕ್ಷೇತ್ರಕಾರ್ಯ ಮಾತ್ರ ಈ ವೀಸಾಕ್ಕೆ ಒಗ್ಗುತ್ತದೆ. ಆಫೀಸಿನ ಗುಮಾಸ್ತಿಕೆ, ಚಾರಿಟಿ ನಡೆಸುವ ಅಂಗಡಿಯಲ್ಲಿ ಮಾರಾಟ, ಚಂದಾ ಎತ್ತುವುದು, ಕಟ್ಟಡ ನೋಡಿಕೊಳ್ಳುವುದು, ಇವು ನಡೆಯುವುದಿಲ್ಲ. ಅಲ್ಲಿಯವರಿಗೆ ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು, ಕಾಯಂ ಹುದ್ದೆಯನ್ನು ಸ್ವಯಂಸೇವಕರಿಂದ ತುಂಬಿಸುವಂತೆಯೂ ಇಲ್ಲ. ಯಾರಾದರೂ ನಿಮಗೆ "ಚಾರಿಟಿಯಲ್ಲಿ ಡೇಟಾ ಎಂಟ್ರಿ" ಅಂದರೆ ಮುಂದಿನ ಮಾತಿಗೆ ಕಾಯದೆ ಎದ್ದು ಬನ್ನಿ.

ಒಂದು ತಿಂಗಳ ಮಟ್ಟಿಗೆ ಹೋಗಿಬರುವವರಿಗೆ ಇಷ್ಟೆಲ್ಲ ಬೇಡ. ನೆಂಟರನ್ನು ನೋಡಲೋ ಊರು ತಿರುಗಲೋ ವಿಸಿಟರ್ ವೀಸಾದಲ್ಲಿ ಹೋದವರು ಅಲ್ಲಿನ ನೋಂದಾಯಿತ ಚಾರಿಟಿಯಲ್ಲಿ ಒಟ್ಟು 30 ದಿನ ಮೀರದಂತೆ ಸೇವೆ ಮಾಡಬಹುದು. ಸೇವೆಯೇ ಪ್ರವಾಸದ ಮುಖ್ಯ ಉದ್ದೇಶ ಆಗಿರಬಾರದು.

ಮೊದಲು ಸಂಸ್ಥೆ ಹುಡುಕಿ

ಬಹಳ ಜನ ಮೊದಲು ವೀಸಾ, ಆಮೇಲೆ ಸಂಸ್ಥೆ ಅಂದುಕೊಂಡಿರುತ್ತಾರೆ. ಉಲ್ಟಾ. ಸಂಸ್ಥೆ ಒಪ್ಪದೆ ಅರ್ಜಿಯ ಮೊದಲ ಪುಟವೂ ದಾಟುವುದಿಲ್ಲ.

ಬ್ರಿಟಿಷ್ ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಲೈಸೆನ್ಸ್ ಪಡೆದ ಸ್ಪಾನ್ಸರ್‌ಗಳ ಪಟ್ಟಿ ಇದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ದೊಡ್ಡ ಫೈಲು, ಮೊಬೈಲಿನಲ್ಲಿ ತೆರೆಯಲು ಒದ್ದಾಡಬೇಡಿ, ಕಂಪ್ಯೂಟರಿನಲ್ಲಿ ತೆರೆಯಿರಿ. ಸಂಸ್ಥೆಯ ಹೆಸರು, ಊರು, ರೇಟಿಂಗು, ಕೊನೆಯಲ್ಲಿ ಯಾವ ಬಗೆಯ ವೀಸಾಕ್ಕೆ ಲೈಸೆನ್ಸ್ ಎಂಬ ಕಾಲಂ. ಮುಖ್ಯವಾದದ್ದು ಆ ಕೊನೆಯ ಕಾಲಮ್ಮು. ಅಲ್ಲಿ ಚಾರಿಟಿ ವರ್ಕರ್ ಅಂತ ಇರಲೇಬೇಕು. ಬರೀ ಸ್ಕಿಲ್ಡ್ ವರ್ಕರ್ ಅಂತ ಇದ್ದರೆ ಆ ಸಂಸ್ಥೆ ಎಷ್ಟೇ ದೊಡ್ಡದಿರಲಿ, ನಿಮ್ಮನ್ನು ಸ್ವಯಂಸೇವಕರಾಗಿ ಕರೆಸಿಕೊಳ್ಳಲಾರದು. ಆ ದಿನ ಹುಡುಗಿಯ ಹಾಳೆಯಲ್ಲಿದ್ದ ಹೆಸರನ್ನು ಮೂರು ಥರ ಕಾಗುಣಿತದಲ್ಲಿ ಹುಡುಕಿದೆವು. ಒಂದರಲ್ಲೂ ಸಿಗಲಿಲ್ಲ. ಅಪ್ಪ ಪರದೆಗೆ ಇನ್ನಷ್ಟು ಬಾಗಿ, "ಇನ್ನೊಂದ್ ಸಲ ನೋಡಿ ಸರ್" ಅಂದರು. ಇನ್ನೊಂದು ಸಲ ನೋಡಿದೆವು.

ಪಟ್ಟಿಯಲ್ಲಿ ಹೆಸರು ಸಿಕ್ಕ ಮೇಲೆ ಚಾರಿಟಿ ನೋಂದಣಿಯನ್ನೂ ತಾಳೆ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸಿಗೆ ಒಂದು ಚಾರಿಟಿ ಕಮಿಷನ್, ಸ್ಕಾಟ್ಲೆಂಡಿಗೆ ಬೇರೆ, ಉತ್ತರ ಐರ್ಲೆಂಡಿಗೆ ಇನ್ನೊಂದು. ಮೂರರ ತಾಣದಲ್ಲೂ ಹೆಸರು ಹಾಕಿ ಹುಡುಕಬಹುದು. ಸಂಸ್ಥೆಯ ನಿಜವಾದ ವೆಬ್‌ಸೈಟ್ ವಿಳಾಸ ಬಹಳ ಸಲ ಅಲ್ಲೇ ಸಿಗುತ್ತದೆ. ವಾಟ್ಸಾಪಿನಲ್ಲಿ ಬಂದ ಲಿಂಕನ್ನು ನಂಬುವ ಬದಲು ಅಲ್ಲಿಂದ ಹೋಗಿ.

ಎಂಥ ಸಂಸ್ಥೆಗಳು ಅಂತ ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಕ್ಯಾಂಪ್‌ಹಿಲ್ ಎಂಬ ಸಮುದಾಯಗಳಿವೆ. 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರ ಶುರುವಾದದ್ದು. ಕಲಿಕೆಯ ತೊಂದರೆ ಇರುವ ಮಕ್ಕಳು, ದೊಡ್ಡವರು, ಅವರ ಜೊತೆಗೇ ಒಂದೇ ಮನೆಯಲ್ಲಿ ಉಂಡು, ತೋಟ ಮಾಡಿ, ಬದುಕುವ ಸ್ವಯಂಸೇವಕರು. ಹೊರದೇಶದವರನ್ನು ಕರೆಸಿಕೊಳ್ಳುವ ವಾಡಿಕೆ ಅಲ್ಲಿ ಹಳೆಯದು. ಆದರೂ ನಿಮ್ಮ ಮನಸ್ಸಿಗೆ ಬಂದ ಸಮುದಾಯಕ್ಕೆ ಈ ಹೊತ್ತು ಲೈಸೆನ್ಸ್ ಇದೆಯೇ ಎಂದು ಪಟ್ಟಿಯಲ್ಲಿ ನೋಡಿಯೇ ಮುಂದುವರಿಯಿರಿ.

ಸಂಸ್ಥೆಗೆ ಬರೆಯುವಾಗ "ಯಾವ ಕೆಲಸವಾದರೂ ಸರಿ" ಅಂತ ಬರೆಯಬೇಡಿ. ನೌಕರಿಗೆ ಬೇಡಿಕೊಂಡ ಹಾಗೆ ಕಾಣುತ್ತದೆ. ಎಂಎಸ್‌ಡಬ್ಲ್ಯೂ ಓದುವಾಗ ಫೀಲ್ಡ್‌ವರ್ಕಿಗೆ ಹೋಗಿರುತ್ತೀರಲ್ಲ, ಅದನ್ನು ಬರೆಯಿರಿ. ವಿಶೇಷ ಮಕ್ಕಳ ಶಾಲೆಯಲ್ಲಿ ಎಷ್ಟು ದಿನ ಇದ್ದಿರಿ, ಊಟ ಮಾಡಿಸಿದ್ದೀರಾ, ಹಟ ಹಿಡಿದ ಮಗುವನ್ನು ಹೇಗೆ ಸಮಾಧಾನ ಮಾಡಿದಿರಿ. ಎನ್ನೆಸ್ಸೆಸ್ ಶಿಬಿರದ ಸರ್ಟಿಫಿಕೇಟಿಗಿಂತ ಆ ನಾಲ್ಕು ಸಾಲಿಗೆ ತೂಕ ಜಾಸ್ತಿ. ವಿಡಿಯೋ ಕರೆಯಲ್ಲಿ ಮಾತಾಡಿಸುತ್ತಾರೆ. ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಇಲ್ಲದಿದ್ದರೂ ಸಂಸ್ಥೆ ನಿಮ್ಮ ಇಂಗ್ಲಿಷನ್ನು ಅಲ್ಲೇ ಅಳೆಯುತ್ತದೆ. ಮಕ್ಕಳ ಜೊತೆಗಿನ ಕೆಲಸವಾದರೆ ಪೊಲೀಸ್ ಕ್ಲಿಯರೆನ್ಸ್ ಕೇಳಬಹುದು. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಸಿಗುತ್ತದೆ.

ಸಿಒಎಸ್ ಅಂದರೆ ಒಂದು ನಂಬರು

ಸಂಸ್ಥೆ ಒಪ್ಪಿದ ಮೇಲೆ ತನ್ನ ಕಂಪ್ಯೂಟರಿನಲ್ಲಿ, ಬ್ರಿಟಿಷ್ ಗೃಹ ಇಲಾಖೆಯ ವ್ಯವಸ್ಥೆಯೊಳಗೆ, ನಿಮ್ಮ ಹೆಸರಿನಲ್ಲಿ ಒಂದು ದಾಖಲೆ ತೆರೆಯುತ್ತದೆ. ಅದೇ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್. ಹೆಸರಿನಲ್ಲಿ ಸರ್ಟಿಫಿಕೇಟ್ ಇದ್ದರೂ ಸೀಲು, ಸಹಿ, ಬಂಗಾರದ ಗೆರೆ ಯಾವುದೂ ಇಲ್ಲ. ನಿಮಗೆ ಬರುವುದು ಒಂದು ರೆಫರೆನ್ಸ್ ನಂಬರು, ಜೊತೆಗೆ ಏನು ಕೆಲಸ, ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ ಅನ್ನುವ ವಿವರ. ಒಬ್ಬರಿಗೆ ಒಂದೇ, ಒಂದೇ ಸಲಕ್ಕೆ. ಸಿಕ್ಕ ಮೂರು ತಿಂಗಳೊಳಗೆ ಬಳಸಬೇಕು.

ಈ ನಂಬರು ಹುಟ್ಟಿಸಲು ಸಂಸ್ಥೆ ತನ್ನ ಸರ್ಕಾರಕ್ಕೆ ಕಟ್ಟುವ ಶುಲ್ಕ, 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ, 55 ಪೌಂಡ್. ಪೌಂಡಿಗೆ 120 ರೂಪಾಯಿ ಹಿಡಿದರೆ 6,600. ಆರು ಲಕ್ಷ ಕೇಳುವವರ ಮುಂದೆ ಈ ಲೆಕ್ಕ ಇಡಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಒಂದು ಖಾಯಿಲೆ ಇದೆ: ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡಕ್ಷರ, ಆಧಾರಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಅಪ್ಪನ ಹೆಸರೂ ಊರಿನ ಹೆಸರೂ ಆಗಿ ಕೂತಿರುತ್ತದೆ. ಸಂಸ್ಥೆಗೆ ಹೆಸರನ್ನು ಟೈಪ್ ಮಾಡಿ ಕಳಿಸಬೇಡಿ. ಪಾಸ್‌ಪೋರ್ಟಿನ ಫೋಟೋ ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿ, "ಇದರಲ್ಲಿ ಇದ್ದ ಹಾಗೆಯೇ ನಮೂದಿಸಿ" ಅಂತ ಹೇಳಿ. ಸಿಒಎಸ್ ವಿವರ ಬಂದ ದಿನವೇ ಅಕ್ಷರ ಅಕ್ಷರ ತಾಳೆ ನೋಡಿ.

ದುಡ್ಡಿನ ಲೆಕ್ಕ

ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಬ್ರಿಟನ್ನಿಗೆ ಕಾಲಿಟ್ಟ ಮೇಲೆ ಹೊಟ್ಟೆಪಾಡಿಗೆ ನಿಮ್ಮ ಹತ್ತಿರ ಹಣ ಇದೆ ಅಂತ ತೋರಿಸಬೇಕು: 1,270 ಪೌಂಡ್. ಪೌಂಡಿಗೆ 120 ರೂಪಾಯಿ ಲೆಕ್ಕದಲ್ಲಿ 1,52,400. ಇಷ್ಟು ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದೇ ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಆ 28ನೇ ದಿನ, ಅರ್ಜಿ ಹಾಕುವ ದಿನಕ್ಕೆ ಹಿಂದಿನ 31 ದಿನಗಳ ಒಳಗೆ ಬೀಳಬೇಕು.

ಯಾರ ಖಾತೆ? ನಿಮ್ಮದು. ಅಪ್ಪನದಲ್ಲ, ಅಣ್ಣನದಲ್ಲ. ವಿದ್ಯಾರ್ಥಿ ವೀಸಾಕ್ಕೆ ತಂದೆತಾಯಿಯ ಖಾತೆ ನಡೆಯುತ್ತದೆ. ಅದನ್ನು ಕೇಳಿಕೊಂಡವರು ಇಲ್ಲೂ ಹಾಗೇ ಅಂದುಕೊಂಡು ಕೆಡುತ್ತಾರೆ. ಅಪ್ಪ ಕೊಡಬಾರದು ಅಂತಲ್ಲ. ಕೊಟ್ಟದ್ದು ನಿಮ್ಮ ಹೆಸರಿನ ಖಾತೆಗೆ ಬಂದು 28 ದಿನ ಕೂತಿರಬೇಕು, ಅಷ್ಟೆ. ಊರಿನ ಪತ್ತಿನ ಸಹಕಾರ ಸಂಘದ ಠೇವಣಿ, ಚೀಟಿ ದುಡ್ಡು, ಒಡವೆ, ಓವರ್‌ಡ್ರಾಫ್ಟು, ಇವನ್ನು ನೆಚ್ಚಬೇಡಿ. ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿರುವ, ಕಂಪ್ಯೂಟರ್ ದಾಖಲೆ ಇರುವ ಬ್ಯಾಂಕಿನ ಉಳಿತಾಯ ಖಾತೆ ವಾಸಿ. ಪಹಣಿ, ಮ್ಯುಟೇಷನ್, ಮನೆ ಖಾತಾ ನಕಲು ತಂದು ರಾಶಿ ಹಾಕುವವರಿದ್ದಾರೆ. ಈ ವೀಸಾ ಕೇಳುವ ಹಣದ ದಾಖಲೆಯ ಜಾಗವನ್ನು ಅವು ತುಂಬುವುದಿಲ್ಲ. ಕನ್ನಡದ ಯಾವ ದಾಖಲೆ ಸೇರಿಸಿದರೂ ಇಂಗ್ಲಿಷ್ ಅನುವಾದ ಇರಬೇಕು, ಅದರಲ್ಲಿ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಬೇಕು.

ರೂಪಾಯಿಯನ್ನು ಪೌಂಡಿಗೆ ಲೆಕ್ಕ ಹಾಕುವಾಗ ಗೃಹ ಇಲಾಖೆಯವರು ಒಆಂಡಾ ತಾಣದ ಆ ದಿನದ ದರ ನೋಡುತ್ತಾರೆ. ದರ ಎರಡು ರೂಪಾಯಿ ಏರಿದರೆ ಸಾಕು, ತುದಿಗೆ ನಿಲ್ಲಿಸಿದ ಮೊತ್ತ ಕಡಿಮೆ ಬೀಳುತ್ತದೆ. ನಾನು ಎಲ್ಲರಿಗೂ ಹೇಳುವುದು ಒಂದೂಮುಕ್ಕಾಲು ಲಕ್ಷ ಇಡಿ ಅಂತ. ಎಸ್ಸೆಮ್ಮೆಸ್ ಚಾರ್ಜು, ಇನ್ಶೂರೆನ್ಸ್ ಕಂತು ಅಂತ ಬ್ಯಾಂಕು ಹೇಳದೆ ಕೇಳದೆ ಕತ್ತರಿಸುವುದೂ ಇದೆಯಲ್ಲ.

ಇದರಿಂದ ಪಾರಾಗುವ ಒಂದು ದಾರಿ ಇದೆ, ಕೇಳಿ ನೋಡಿ. ಎ ರೇಟಿಂಗ್ ಇರುವ ಸಂಸ್ಥೆ "ಮೊದಲ ತಿಂಗಳ ಖರ್ಚು ನಮ್ಮದು" ಎಂದು ಸಿಒಎಸ್‌ನಲ್ಲೇ ನಮೂದಿಸಿದರೆ ಈ 1,270 ಪೌಂಡ್ ತೋರಿಸಬೇಕಾಗಿಯೇ ಇಲ್ಲ. ಊಟ ವಸತಿ ಹೇಗೂ ಕೊಡುವ ಸಂಸ್ಥೆ ಇದಕ್ಕೆ ಒಪ್ಪುವ ಸಂಭವ ಹೆಚ್ಚು. ನಾಚಿಕೊಂಡು ಸುಮ್ಮನಿರಬೇಡಿ.

ತೋರಿಸುವ ಹಣ ನಿಮ್ಮದಾಗಿಯೇ ಉಳಿಯುತ್ತದೆ. ಕೈಯಿಂದ ಹೋಗುವ ಹಣ ಬೇರೆ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಅರ್ಜಿ ಶುಲ್ಕ 319 ಪೌಂಡ್. ಆರು ತಿಂಗಳು ಮೀರಿದ ವಾಸಕ್ಕೆ, ಅಲ್ಲಿನ ಸರ್ಕಾರಿ ಚಿಕಿತ್ಸೆಗಾಗಿ ಕಟ್ಟುವ ಆರೋಗ್ಯ ಸರ್‌ಚಾರ್ಜು ವರ್ಷಕ್ಕೆ 1,035 ಪೌಂಡ್. ಎರಡೂ ಸೇರಿ 1,354, ಅಂದರೆ ಸುಮಾರು 1,62,500 ರೂಪಾಯಿ. ವಿಮಾನದ ಟಿಕೇಟು ಇದರ ಮೇಲೆ. ಶುಲ್ಕಗಳು ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಏರುತ್ತವೆ, ಕಟ್ಟುವ ದಿನ ಗವ್ ಡಾಟ್ ಯುಕೆ ನೋಡಿ ಕಟ್ಟಿ. ವೀಸಾ ಸಿಗದಿದ್ದರೆ ಸರ್‌ಚಾರ್ಜು ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ.

ಇಲ್ಲೊಂದು ಉಪಾಯ. ವೀಸಾದ ಅವಧಿ ಆರು ತಿಂಗಳು ಮೀರದಂತೆ ಸಂಸ್ಥೆಯ ಜೊತೆ ಮಾತಾಡಿಕೊಂಡರೆ ಸರ್‌ಚಾರ್ಜು ಇಲ್ಲ, ಕ್ಷಯದ ಪರೀಕ್ಷೆಯೂ ಇಲ್ಲ. ಮೊದಲ ಸಲ ಮನೆ ಬಿಟ್ಟು ಹೋಗುವವರಿಗೆ ಐದು ತಿಂಗಳೇ ಹಿತ ಅನ್ನುವುದು ನನ್ನ ಎಣಿಕೆ. ಆದರೆ ಚಾರಿಟಿ ವೀಸಾದಲ್ಲಿ ಹೋಗಿಬಂದವರು ಮುಂದಿನ 12 ತಿಂಗಳು ಮತ್ತೆ ಅದೇ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ, ಅದನ್ನೂ ಯೋಚಿಸಿ.

"ಒಂದು ತಿಂಗಳ ಮಟ್ಟಿಗೆ ಖಾತೆಗೆ ದುಡ್ಡು ಹಾಕಿ ತೋರಿಸ್ತೀವಿ, ಕಮಿಷನ್ ಕೊಡಿ" ಎನ್ನುವವರು, ಸ್ಟೇಟ್‌ಮೆಂಟನ್ನೇ ತಿದ್ದಿಕೊಡುವವರು, ಇಬ್ಬರೂ ನಿಮಗೆ ಸಿಗುತ್ತಾರೆ. ಬ್ಯಾಂಕಿಗೆ ಕೇಳಿ ಖಚಿತ ಮಾಡಿಕೊಳ್ಳುವ ಹಕ್ಕು ಬ್ರಿಟನ್ನಿನ ಗೃಹ ಇಲಾಖೆಗಿದೆ. ಮೋಸದ ದಾಖಲೆ ಅಂತ ಸಾಬೀತಾದರೆ ಹತ್ತು ವರ್ಷ ಬ್ರಿಟನ್ನಿನ ಬಾಗಿಲು ಮುಚ್ಚಬಹುದು. ಏಜೆಂಟಿಗೆ ಏನೂ ಆಗುವುದಿಲ್ಲ, ಹೆಸರು ನಿಮ್ಮದು.

ಕ್ಷಯದ ಪರೀಕ್ಷೆ

ಆರು ತಿಂಗಳಿಗಿಂತ ಹೆಚ್ಚು ಇರಲು ಹೋಗುವ ಭಾರತೀಯರಿಗೆ ಇದು ಕಡ್ಡಾಯ. ನಮ್ಮ ಜಿಲ್ಲಾಸ್ಪತ್ರೆಯ ಎಕ್ಸ್‌ರೇ ನಡೆಯುವುದಿಲ್ಲ, ಬ್ರಿಟನ್ ಒಪ್ಪಿದ ಕ್ಲಿನಿಕ್ಕಿನಲ್ಲೇ ಆಗಬೇಕು. ಬೆಂಗಳೂರಿಗೆ ಹೋಗಿಬನ್ನಿ. ಕ್ಲಿನಿಕ್ಕುಗಳ ಪಟ್ಟಿ ಗವ್ ಡಾಟ್ ಯುಕೆಯಲ್ಲಿದೆ. ಎದೆಯ ಎಕ್ಸ್‌ರೇ ಚೊಕ್ಕವಾಗಿದ್ದರೆ ಸರ್ಟಿಫಿಕೇಟು ಬೇಗ ಸಿಗುತ್ತದೆ, ಆರು ತಿಂಗಳು ನಡೆಯುತ್ತದೆ. ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಕಫದ ಪರೀಕ್ಷೆ, ಅದರ ಫಲಿತಾಂಶಕ್ಕೆ ಎರಡು ತಿಂಗಳವರೆಗೂ ಹಿಡಿಯಬಹುದು. ಹಿಂದೆ ಯಾವಾಗಲಾದರೂ ಟಿಬಿ ಔಷಧಿ ತೆಗೆದುಕೊಂಡವರು ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಅರ್ಜಿ ಮತ್ತು ಬೆರಳಚ್ಚು

ಕೆಲಸ ಶುರುವಾಗುವ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಗವ್ ಡಾಟ್ ಯುಕೆಯಲ್ಲೇ ತುಂಬಿ, ಬೇರೆ ತಾಣ ಬೇಡ. ಒಂದೂವರೆ ಗಂಟೆಯ ಕೆಲಸ. ಇಮೇಲು, ಪಾಸ್‌ವರ್ಡು ನಿಮ್ಮದೇ ಇರಲಿ. ನನ್ನಂಥ ಅಂಗಡಿಯವನ ಇಮೇಲು ಹಾಕಿಸಿದರೆ ನಾಳೆ ಎಲ್ಲ ಸೂಚನೆಯೂ ನನಗೆ ಬರುತ್ತದೆ, ನಾನು ಅಂಗಡಿ ಮುಚ್ಚಿ ಜಾತ್ರೆಗೆ ಹೋಗಿರುತ್ತೇನೆ.

ಶುಲ್ಕ ಕಟ್ಟಿದ ಮೇಲೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು, ಫೋಟೋ. ಬೆಳಗಿನ ಸಮಯ ಸಿಕ್ಕಿದ್ದರೆ ತುಮಕೂರಿನಿಂದ ಮೊದಲ ರೈಲು ಹಿಡಿಯಿರಿ, ನೆಲಮಂಗಲದ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ಸಮಯ ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಮೆಹಂದಿ ಹಾಕಿದ ಬೆರಳು ಸ್ಕ್ಯಾನ್ ಆಗದೆ ಕಾಡಬಹುದು, ಮದುವೆ ಸೀಸನ್ನಿನಲ್ಲಿ ಜೋಪಾನ. ಸಾಮಾನ್ಯವಾಗಿ ಮೂರು ವಾರದೊಳಗೆ ತೀರ್ಮಾನ ಬರುತ್ತದೆ. ನಿರಾಕರಿಸಿ, ಅದು ಅವರ ತಪ್ಪಿನಿಂದ ಅಂತ ನಿಮಗೆ ಅನಿಸಿದರೆ 28 ದಿನದೊಳಗೆ ಮರುಪರಿಶೀಲನೆ ಕೇಳಬಹುದು.

ಪಾಸ್‌ಪೋರ್ಟಿನಲ್ಲಿ ಸ್ಟಿಕರ್ ಇಲ್ಲ ಅಂತ ಗಾಬರಿ ಬೀಳಬೇಡಿ. 2025ರ ಜುಲೈನಿಂದ ಈ ಬಗೆಯ ಕೆಲಸದ ವೀಸಾಗಳ ಮುಖ್ಯ ಅರ್ಜಿದಾರರಿಗೆ ಇ-ವೀಸಾ ಮಾತ್ರ. ಬ್ರಿಟಿಷ್ ವೀಸಾ ವಿಭಾಗದ ಆನ್‌ಲೈನ್ ಖಾತೆ (ಯುಕೆವಿಐ) ತೆರೆದು ಲಾಗಿನ್ ಆದರೆ ಕಾಣುತ್ತದೆ. ಹೊರಡುವ ಮುನ್ನ ಪಾಸ್‌ಪೋರ್ಟ್ ನಂಬರು ಆ ಖಾತೆಗೆ ಜೋಡಣೆಯಾಗಿದೆಯೇ ನೋಡಿಕೊಳ್ಳಿ.

ಅಲ್ಲಿಗೆ ಹೋದ ಮೇಲೆ

ಸಿಒಎಸ್‌ನಲ್ಲಿ ಬರೆದ ದಿನಕ್ಕೆ 14 ದಿನ ಮುಂಚೆ ಒಳಗೆ ಹೋಗಬಹುದು. ಬರೆದದ್ದೇ ಕೆಲಸ, ಬರೆದದ್ದೇ ಜಾಗ. ಹೇಳದೆ ಕೇಳದೆ ಹತ್ತು ಕೆಲಸದ ದಿನಕ್ಕಿಂತ ಹೆಚ್ಚು ಗೈರಾದರೆ ಸಂಸ್ಥೆ ಗೃಹ ಇಲಾಖೆಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರ ಲೈಸೆನ್ಸಿಗೇ ಕುತ್ತು. "ಒಳಗೆ ಹೋಗಿ, ಆಮೇಲೆ ಬೇರೆ ಕಡೆ ಸೇರಿಸ್ತೀವಿ" ಎನ್ನುವ ಏಜೆಂಟಿನ ಮಾತಿನ ಬಣ್ಣ ಬಯಲಾಗುವುದು ಇಲ್ಲೇ. ಈ ವೀಸಾದಲ್ಲಿ ಕಳೆದ ಕಾಲ ಅಲ್ಲಿ ಕಾಯಂ ನೆಲೆಸುವ ಲೆಕ್ಕಕ್ಕೂ ಬರುವುದಿಲ್ಲ. ಸ್ಕಿಲ್ಡ್ ವರ್ಕರ್ ಆಗಬೇಕಾದರೆ ಹೊಸ ಸ್ಪಾನ್ಸರ್, ಪದವಿ ಮಟ್ಟದ ಕೆಲಸ, ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ, ಇಷ್ಟೂ ಬೇಕು.

ಆರೋಗ್ಯ ಸರ್‌ಚಾರ್ಜು ಕಟ್ಟಿದ್ದೀರಲ್ಲ, ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹತ್ತಿರದ ಡಾಕ್ಟರ ಬಳಿ ಹೆಸರು ನೋಂದಾಯಿಸಿ. ಜ್ವರ ಬಂದ ಮೇಲೆ ಓಡಾಡುವುದು ಬೇಡ.

ಮಧುಗಿರಿಯ ಹುಡುಗಿಯ ಎರಡು ಲಕ್ಷ ವಾಪಸ್ ಬಂದಿಲ್ಲ. ಅರ್ಧ ನಗದು, ಅರ್ಧ ಫೋನ್‌ಪೇ. ಫೋನ್‌ಪೇ ಮಾಡಿದ್ದಕ್ಕೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ಆಗಲೇ ತಿಂಗಳು ಕಳೆದಿತ್ತು. ಮೋಸ ಗೊತ್ತಾದ ಗಳಿಗೆಯಲ್ಲೇ ಮಾಡಬೇಕಾದ ಕರೆ ಅದು. ನಗದಿನ ಬಗ್ಗೆ ಪೊಲೀಸ್ ದೂರು ಕೊಟ್ಟಿದ್ದಾರೆ. ಹುಡುಗಿ ಮಾತ್ರ ಕೈಚೆಲ್ಲಲಿಲ್ಲ. ಪಟ್ಟಿ ನೋಡಿ ಹದಿನಾಲ್ಕು ಸಂಸ್ಥೆಗೆ ಬರೆದಳು. ಹನ್ನೊಂದರಿಂದ ಉತ್ತರವಿಲ್ಲ, ಎರಡರಿಂದ "ಈ ವರ್ಷ ಜಾಗ ಇಲ್ಲ". ಒಂದು ಸಂಸ್ಥೆ ಎರಡು ಸಲ ವಿಡಿಯೋದಲ್ಲಿ ಮಾತಾಡಿಸಿತು. ಖರ್ಚಿನ ಜವಾಬ್ದಾರಿಯನ್ನು ಸಿಒಎಸ್‌ನಲ್ಲಿ ಬರೆಯಲು ಮಾತ್ರ ಒಪ್ಪಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಅಪ್ಪ ಹುಣಸೆ ಮಾರಿದರು. ದುಡ್ಡು ಮಗಳ ಖಾತೆಗೆ ಬಿದ್ದ ಸಂಜೆ ಇಬ್ಬರೂ ಮತ್ತೆ ಬಂದಿದ್ದರು. ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಬೆರಳಿಟ್ಟು ಇಪ್ಪತ್ತೆಂಟರವರೆಗೆ ಎಣಿಸಿದೆವು. "ನಡುವೆ ಯುಗಾದಿ ಬರುತ್ತಲ್ಲ ಸರ್, ಬಟ್ಟೆಬರೆಗೆ ಅಂತ ಸ್ವಲ್ಪ ತೆಗಿಬಹುದಾ?" ಅಂತ ಅಪ್ಪ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು "ಬೇಡಪ್ಪ" ಅಂದಳು.